ಕಾಂಟ್ರ್ಯಾಕ್ಟ್ ಯಾರದ್ದು ಸಾರ್?

ನಮ್ಮ ವಿಧಾನಸಭೆಯ 224 ಸ್ಥಾನಗಳತ್ತ ಒಮ್ಮೆ ಕಣ್ಣು ಹಾಯಿಸಿ. ಕ್ರಷರ್ ಮಾಲೀಕರು, ಬಿಲ್ಡರ್‌ಗಳು, ಸಕ್ಕರೆ ಕಾರ್ಖಾನೆಯವರು, ಕಾಲೇಜು ನಡೆಸೋರು ಸಿಗ್ತಾರೆ. ವ್ಯಾಪಾರ ಮಾಡೋದು ತಪ್ಪಾ? ಖಂಡಿತ ಅಲ್ಲ. ಹತ್ತು ಜನಕ್ಕೆ ಕೆಲಸ ಕೊಟ್ಟು, ತಿಂಗಳು ತಿಂಗಳು ಸಂಬಳ ಹೊಂದಿಸಿದವರಿಗೆ ಊರಿನ ಕಷ್ಟ ಗೊತ್ತಿರುತ್ತೆ. ನನ್ನ ಪ್ರಶ್ನೆ ಬೇರೆ. ಕ್ಷೇತ್ರದ ರಸ್ತೆಗೆ ಹಣ ತರೋದು ಶಾಸಕರು. ಆ ರಸ್ತೆಗೆ ಜಲ್ಲಿ ಹಾಕೋದು ಯಾರ ಕಂಪನಿ?

ನಾನು ಇಂಜಿನಿಯರಿಂಗ್ ಓದಿದವನು. ಕಾಂಕ್ರೀಟಿನ ಕ್ಯೂಬ್‌ಗಳನ್ನು 28 ದಿನ ನೀರಲ್ಲಿಟ್ಟು, ಆಮೇಲೆ ಒಡೆದು ನೋಡ್ತಾರೆ. ಕಾಂಕ್ರೀಟ್ ಹಾಕಿದವನೇ ಪಾಸ್ ಅಂತ ಸರ್ಟಿಫಿಕೇಟ್ ಬರ್ಕೊಂಡ್ರೆ ಆ ಸೂರಿನ ಕೆಳಗೆ ಯಾರು ನೆಮ್ಮದಿಯಾಗಿ ಮಲಗ್ತಾರೆ?

ಕಾನೂನು ಏನು ಹೇಳುತ್ತೆ? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಕಾಮಗಾರಿ ಮಾಡುವ ಗುತ್ತಿಗೆಯನ್ನು ಶಾಸಕರೇ ತಮ್ಮ ವ್ಯಾಪಾರಕ್ಕಾಗಿ ಮಾಡಿಕೊಂಡು, ಅದು ಜಾರಿಯಲ್ಲಿದ್ದರೆ ಅವರು ಅನರ್ಹರು. ಗಟ್ಟಿ ಕಾನೂನು ಅನ್ಸುತ್ತೆ ಅಲ್ವಾ? ಈಗ ಸಂದು ನೋಡಿ. ಮೊದಲಿದ್ದ ಕಾಯ್ದೆಯಲ್ಲಿ ಗುತ್ತಿಗೆಯಲ್ಲಿ ಪಾಲು ಅಥವಾ ಹಿತಾಸಕ್ತಿ ಇದ್ದರೂ ಸಾಕಿತ್ತು. 1958ರ ತಿದ್ದುಪಡಿ ಆ ಮಾತನ್ನೇ ತೆಗೆದುಹಾಕ್ತು. ಗುತ್ತಿಗೆ ಮಗನ ಹೆಸರಲ್ಲೋ ಕಂಪನಿ ಹೆಸರಲ್ಲೋ ಇದ್ದರೆ ಈ ಸೆಕ್ಷನ್ ಅಲ್ಲಿಗೆ ಸುಲಭಕ್ಕೆ ತಲುಪೋದಿಲ್ಲ. 2001ರಲ್ಲಿ ಹರಿಯಾಣದ ಕರ್ತಾರ್ ಸಿಂಗ್ ಭಡಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಣಿ ಗುತ್ತಿಗೆಯೂ ಇದರ ವ್ಯಾಪ್ತಿಗೆ ಬರಲ್ಲ ಅಂದಿತು. ಗಣಿ ಧೂಳು ಕುಡಿದ ಬಳ್ಳಾರಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬೆಳಕಿಂಡಿ ಇದೆ. 2018ರ ಲೋಕ ಪ್ರಹರಿ ತೀರ್ಪಿನ ನಂತರ, ಅಭ್ಯರ್ಥಿಗಳು ಫಾರ್ಮ್ 26ರ ಅಫಿಡವಿಟ್‌ನಲ್ಲಿ ತಮ್ಮ, ಸಂಗಾತಿಯ, ಅವಲಂಬಿತರ ಸರ್ಕಾರಿ ಗುತ್ತಿಗೆಗಳನ್ನೂ ಬರೀಬೇಕು. ಆದರೆ ಅದು ನಾಮಪತ್ರ ಹಾಕೋ ದಿನದ ಲೆಕ್ಕ. ಗೆದ್ದ ಮೇಲಿನ ಐದು ವರ್ಷದ್ದು? ಲೋಕಾಯುಕ್ತಕ್ಕೆ ಪ್ರತಿ ವರ್ಷ ಆಸ್ತಿ ವಿವರ ಕೊಡಬೇಕಾದ ಶಾಸಕರು, ಕುಟುಂಬದ ಗುತ್ತಿಗೆಗಳ ಪಟ್ಟಿಯನ್ನೂ ಕೊಡಲಿ. ಅದು ಜನರ ಕಣ್ಣಿಗೂ ಬೀಳಲಿ.

ಯಾಕೆ ಅಂದ್ರೆ, ಅದೇ ತಾಲೂಕಿನಲ್ಲಿ ಸಾಲ ಮಾಡಿ ಒಂದು ಜೆಸಿಬಿ, ಎರಡು ಟಿಪ್ಪರ್ ತಗೊಂಡ ಸಣ್ಣ ಗುತ್ತಿಗೆದಾರನೂ ಇದ್ದಾನೆ. ಎದುರಿಗೆ ಶಾಸಕರ ಕಡೆಯವರಿದ್ದಾರೆ ಅಂತ ಗೊತ್ತಾದ್ರೆ ಅವನು ಟೆಂಡರ್ ಹಾಕೋಕೂ ಹೋಗಲ್ಲ. ಪೈಪೋಟಿಯೇ ಇಲ್ಲದ ರಸ್ತೆಯ ಬಿಲ್ ಕಟ್ಟೋದು ನಾವು. ಮೊದಲ ಮಳೆಗೇ ಅದು ಕಿತ್ತುಬಂದ್ರೆ ಗುಂಡಿಗೆ ಬೀಳೋದೂ ನಾವೇ.

ಮುಂದಿನ ಸಲ ಶಾಸಕರು ಗುದ್ದಲಿ ಪೂಜೆಗೆ ಬಂದಾಗ ಹಾರ ಹಾಕಿ, ಮರ್ಯಾದೆ ಕೊಡಿ. ಜೊತೆಗೆ ಇಷ್ಟು ಕೇಳಿ: ಸಾರ್, ಕಾಂಟ್ರ್ಯಾಕ್ಟ್ ಯಾರದ್ದು?