ಹಳೆಯ ರೈಫಲ್ಲಿನ ಮೈಮೇಲಿನ ಬರಹ

ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಬಿಡಿಭಾಗಕ್ಕೆ ಬೆಲೆ ಕಟ್ಟುವವರು ಮೊದಲು ಓದುವುದು ಅದರ ಮೇಲಿನ ಅಚ್ಚುಗಳನ್ನು. ಹೊಳಪಿನ ಮಾತು ಆಮೇಲೆ. ಹಿಡಿಯ ಬಳಿಯ ಉಕ್ಕಿನ ಪಟ್ಟಿಯ ಬಲಮಗ್ಗುಲಲ್ಲಿ ಕಿರೀಟ, ರಾಜನ ಹೆಸರಿನ ಮೊದಲಕ್ಷರ, ಕಾರ್ಖಾನೆ, ವರ್ಷ, ಮಾದರಿ ಎಲ್ಲವೂ ಇರುತ್ತವೆ. ‘ಜಿ.ಆರ್.ಐ.’ ಎಂದಿದ್ದರೆ ಸಾಮಾನ್ಯವಾಗಿ ಅದು ಬಂಗಾಳದ ಇಛಾಪುರದ ಕೂಸು.

1907ರ ಮೂರನೇ ಮಾದರಿಯಲ್ಲಿ ಮ್ಯಾಗಜಿನ್ನಿನ ಗುಂಡುಗಳನ್ನು ತಡೆದಿಡಲು ಒಂದು ತೆಳು ತಗಡಿತ್ತು. ಮೊದಲ ಮಹಾಯುದ್ಧದ ಅವಸರದಲ್ಲಿ ಅದನ್ನು ಕೈಬಿಟ್ಟರು. ಅಂದು ಬೇಡವಾದ ಆ ತಗಡನ್ನೇ ಇಂದು ಸಂಗ್ರಾಹಕರು ಹುಡುಕುತ್ತಾರೆ!

ಬೋಲ್ಟಿನ ಸಂಗತಿ ಬೇರೆ. ಪ್ರತಿ ಬೋಲ್ಟನ್ನೂ ಕಾರ್ಖಾನೆಯಲ್ಲಿ ಅದರದೇ ರೈಫಲ್ಲಿಗೆ ಹೊಂದಿಸಿ, ಎರಡಕ್ಕೂ ಒಂದೇ ಸಂಖ್ಯೆ ಒತ್ತುತ್ತಿದ್ದರು. ಸಂಖ್ಯೆ ತಾಳೆಯಾಗದಿದ್ದರೆ ಬೆಲೆ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ತೋಟೆಯ ಹಿಂದೆ ಅಂತರ ಹೆಚ್ಚಾದರೆ ತೋಟೆ ಹರಿದು, ಕಾದ ಅನಿಲ ಹಾರಿಸುವವನ ಮುಖಕ್ಕೇ ನುಗ್ಗಬಹುದು. ಹಳೆಯ ಸಂಖ್ಯೆ ಉಜ್ಜಿ ಹೊಸದನ್ನು ಒತ್ತುವ ಚಾಲಾಕಿಗಳೂ ಇದ್ದಾರೆ. ಆಗ ಅಂಕಿಯ ಸುತ್ತಲಿನ ಉಕ್ಕು ತುಸು ತಗ್ಗಿರುತ್ತದೆ.

ಈ ವ್ಯಾಪಾರವೆಲ್ಲ ಹೆಚ್ಚಾಗಿ ಅಮೆರಿಕದ ಕಡೆಯದು. ನಮ್ಮ 1959ರ ಆಯುಧ ಕಾಯ್ದೆಯ ಪ್ರಕಾರ ಬಿಡಿಭಾಗವೂ ಆಯುಧವೇ. ಅಲ್ಲಿ ಬಿಡಿಯಾಗಿ ಮಾರಿದರೆ ಇಡೀ ರೈಫಲ್ಲಿಗಿಂತ ಹೆಚ್ಚು ಹಣ ಬರುವುದುಂಟು. ಹಾಗೆ ಬಿಚ್ಚಿದ ಮೇಲೆ ಒಂದೇ ಸಂಖ್ಯೆಯ ಬೋಲ್ಟೂ ಮೈಯೂ ಮತ್ತೆ ಕೂಡುವುದು ಅಪರೂಪ.