ಬಾವುಟ, ಬೆಂಕಿ ಮತ್ತು ಕಾನೂನು

ಚಿಮ್ಮಡ, ರಬಕವಿ, ಬನಹಟ್ಟಿಯ ಸೀಮೆಗೆ ಮಗ್ಗದ ಸದ್ದು ಹೊಸದಲ್ಲ. ಅದೇ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತ್ರಿವರ್ಣ ಧ್ವಜವಾಗುತ್ತದೆ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊದಲನೇ ಸಂಖ್ಯೆ ಈ ಧ್ವಜದ್ದೇ. ಅಳತೆ, ಬಣ್ಣ, ಹೊಲಿಗೆ, 24 ಅರೆಗಳ ಚಕ್ರ, ಎಲ್ಲಕ್ಕೂ ಲೆಕ್ಕವಿದೆ.

ಇಷ್ಟು ಜತನದಿಂದ ಮಾಡಿದ ಬಾವುಟ ಹರಿದು ಹಳತಾದರೆ ಏನು ಮಾಡಬೇಕು? 2002ರ ಧ್ವಜ ಸಂಹಿತೆಯ ಉತ್ತರ ಕೇಳಿ ಹಲವರು ಹುಬ್ಬೇರಿಸುತ್ತಾರೆ: ಜನರ ಕಣ್ಣಿಗೆ ಬೀಳದಂತೆ, ಇಡಿಯಾಗಿ, ಆದಷ್ಟು ಸುಟ್ಟೇ ವಿಲೇವಾರಿ ಮಾಡಬೇಕು. ಅದೇ ಬೆಂಕಿಯನ್ನು ನಡುಬೀದಿಯಲ್ಲಿ ಹಚ್ಚಿದರೆ, ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಹಾಗಾದರೆ ಸರ್ಕಾರದ ಮೇಲೆ ಸಿಟ್ಟಿದ್ದವರು ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಇಲ್ಲ. ಸಂವಿಧಾನವನ್ನಾಗಲಿ ಧ್ವಜವನ್ನಾಗಲಿ ಕಾನೂನುಬದ್ಧವಾಗಿ ಬದಲಿಸಬೇಕೆಂದು ಟೀಕಿಸುವುದು, ಸರ್ಕಾರದ ಕ್ರಮಗಳನ್ನು ಖಂಡಿಸುವುದು ಅಪರಾಧವಲ್ಲ ಎಂದು ಅದೇ ಕಾಯ್ದೆಯ ವಿವರಣೆ ಹೇಳುತ್ತದೆ. ಮಾತಿಗೆ ಅವಕಾಶವಿದೆ, ಬೆಂಕಿಗಿಲ್ಲ.

ಅಮೆರಿಕ ಈ ಗೆರೆಯನ್ನು ಬೇರೆಡೆ ಎಳೆಯಿತು. 1984ರಲ್ಲಿ ಡಲ್ಲಾಸ್ ನಗರದಲ್ಲಿ ಗ್ರೆಗರಿ ಲೀ ಜಾನ್ಸನ್ ಎಂಬ ಪ್ರತಿಭಟನಕಾರ ರಾಷ್ಟ್ರಧ್ವಜ ಸುಟ್ಟ. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದೂ ಅಭಿವ್ಯಕ್ತಿಯೇ ಎಂದಿತು. ಸಂಸತ್ತು ತಂದ ಹೊಸ ಕಾನೂನೂ ಮರುವರ್ಷವೇ ಬಿದ್ದುಹೋಯಿತು.

ನಮ್ಮಲ್ಲಿ ಬಾವುಟ ಹಾರಿಸುವುದೇ ಅಪರಾಧವಾಗಿದ್ದ ಕಾಲವೊಂದಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನ ನಿಷೇಧ ಮೀರಿ ಧ್ವಜ ಏರಿಸಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿ ಅನೇಕರು ಪ್ರಾಣ ಬಿಟ್ಟರು. ಸ್ವತಂತ್ರ ಭಾರತದಲ್ಲೂ ಸಾಮಾನ್ಯ ಪ್ರಜೆ ವರ್ಷವಿಡೀ ಧ್ವಜ ಹಾರಿಸುವಂತಾದದ್ದು 2002ರಲ್ಲಿ. ನವೀನ್ ಜಿಂದಾಲ್ ಮೊಕದ್ದಮೆಯಲ್ಲಿ 2004ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗೌರವದಿಂದ ಧ್ವಜ ಹಾರಿಸುವುದು ಮೂಲಭೂತ ಹಕ್ಕು, ಆದರೆ ಅದಕ್ಕೂ ಮಿತಿಯುಂಟು ಎಂದು ತೀರ್ಪಿತ್ತಿತು.

ಕರ್ನಾಟಕ-ಮಹಾರಾಷ್ಟ್ರ ಗಡಿನಾಡು ಕಂಡ ಬೆಂಕಿಯೇ ಬೇರೆ. 2021ರ ಡಿಸೆಂಬರ್‌ನಲ್ಲಿ ಕೊಲ್ಲಾಪುರದಲ್ಲಿ ಹಳದಿ-ಕೆಂಪು ಕನ್ನಡ ಬಾವುಟಕ್ಕೆ ಬೆಂಕಿ ಬಿತ್ತು. ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ, ಒಂದಕ್ಕೊಂದು ಸರಪಳಿಯಾಯಿತು. 1971ರ ಕಾಯ್ದೆ ಹೆಸರಿಸುವುದು ರಾಷ್ಟ್ರದ ಲಾಂಛನಗಳನ್ನು ಮಾತ್ರ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟ ಅದರಲ್ಲಿಲ್ಲ. ಆದರೂ ನೋವು ಕಡಿಮೆಯಾಗಲಿಲ್ಲ. ಅಲ್ಲಿ ಸುಟ್ಟದ್ದು ಆಳುವವರ ವಿರುದ್ಧದ ಪ್ರತಿಭಟನೆಗಿಂತ ನೆರೆಯವರ ಮೇಲಿನ ಕೋಪವಾಗಿತ್ತು. ತನ್ನದೇ ಸರ್ಕಾರವನ್ನು ಪ್ರಶ್ನಿಸುವವನ ಬೆಂಕಿಯನ್ನೂ ನೆರೆಯ ಭಾಷಿಕರನ್ನು ಕೆಣಕುವವನ ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಸುಡುವವರು ಎಲ್ಲೋ ಒಬ್ಬಿಬ್ಬರು. ರಾಷ್ಟ್ರೀಯ ಹಬ್ಬದ ಮರುದಿನ ನೆಲದ ಮೇಲೆ ತುಳಿತಕ್ಕೆ ಸಿಗುವ ಕಾಗದದ ಬಾವುಟಗಳಿಗೆ ಲೆಕ್ಕವಿಲ್ಲ. ಅವನ್ನು ನೆಲಕ್ಕೆಸೆಯಬಾರದು, ಮರೆಯಲ್ಲಿ ಗೌರವದಿಂದ ವಿಲೇವಾರಿ ಮಾಡಬೇಕು ಎಂದೂ ಧ್ವಜ ಸಂಹಿತೆ ಹೇಳುತ್ತದೆ. ಆಗಸ್ಟ್ 16ರ ಬೆಳಿಗ್ಗೆ ಕೇಳುಗರು ತಮ್ಮ ಓಣಿಯಲ್ಲೊಮ್ಮೆ ನಡೆದು, ಬಿದ್ದ ಬಾವುಟಗಳನ್ನು ಎತ್ತಿಡಲಿ.