ತಟಸ್ಥ ದನಿ: ಗೆರೆಯನ್ನು ನಂಬುವುದೋ, ಕಿವಿಯನ್ನೋ?



ನಮ್ಮ ಕನ್ನಡ ಕಾರ್ಯಕ್ರಮವನ್ನು ನಿಮ್ಮಲ್ಲಿ ಎಷ್ಟೋ ಜನ ಈಗ ಮನೆಯ ರೇಡಿಯೋ ಪೆಟ್ಟಿಗೆಯಲ್ಲಿ ಕೇಳುವುದಿಲ್ಲ. ಲೋಕಲ್ ರೈಲಿನಲ್ಲಿ ನಿಂತು, ಆಫೀಸಿನ ಬಸ್ಸಿನಲ್ಲಿ ಕುಳಿತು, ಮೊಬೈಲಿನ ಹೆಡ್‌ಫೋನಿನಲ್ಲಿ ಕೇಳುತ್ತೀರಿ. ಹಾಗಾಗಿ ಇವತ್ತು ಆ ಹೆಡ್‌ಫೋನಿನ ಬಗ್ಗೆಯೇ ನಾಲ್ಕು ಮಾತು. ನಾನು ಎರಡು ಸಲ ದುಡ್ಡು ಕಳೆದುಕೊಂಡು ಕಲಿತದ್ದನ್ನು ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಮೊದಲನೆಯ ಸಲ ನಾನು ಕಿವಿಯನ್ನು ನಂಬಿದೆ. ಅಂಗಡಿಯವರು ಎರಡು ಹೆಡ್‌ಫೋನ್ ಮುಂದಿಟ್ಟು ಒಂದೇ ಹಾಡನ್ನು ಎರಡರಲ್ಲೂ ಕೇಳಿಸಿದರು. ಎರಡನೆಯದರಲ್ಲಿ ತಬಲಾ ಎದೆಗೆ ಬಡಿದ ಹಾಗಿತ್ತು, ಹಾಡುವವರ ಉಸಿರು ಕೂಡ ಕೇಳುತ್ತಿತ್ತು. ಬೆಲೆ ಮಾತ್ರ ಮೊದಲನೆಯದರ ಎರಡರಷ್ಟು. ಸ್ವಂತ ಕಿವಿ ಸುಳ್ಳು ಹೇಳುತ್ತದೆಯೇ ಎಂದುಕೊಂಡು ಅದನ್ನೇ ತಂದೆ. ಮೂರನೆಯ ವಾರಕ್ಕೆ ಅದನ್ನು ಹಾಕಿಕೊಳ್ಳುವುದೇ ಬೇಸರವಾಗತೊಡಗಿತು. ವಾರ್ತೆ ಓದುವವರ ಒಂದೊಂದು ಸಕಾರವೂ ಸೂಜಿಯಂತೆ ಚುಚ್ಚುತ್ತಿತ್ತು. ಅರ್ಧ ಗಂಟೆ ಕೇಳಿದರೆ ತಲೆ ಭಾರ.

ಎರಡನೆಯ ಸಲ, ಕಿವಿಯ ಸಹವಾಸವೇ ಬೇಡ ಎಂದು ಅಳತೆಯನ್ನು ನಂಬಿದೆ. ಹೆಡ್‌ಫೋನುಗಳನ್ನು ಯಂತ್ರದಿಂದ ಅಳೆದು ಗೆರೆ ಎಳೆದ ನಕ್ಷೆಗಳನ್ನು ರಾತ್ರಿಯೆಲ್ಲ ಓದಿ, ಆದರ್ಶ ಗೆರೆಗೆ ಅಂಟಿಕೊಂಡು ಹೋಗುವ ಒಂದನ್ನು ಕೇಳಿ ನೋಡದೆಯೇ ತರಿಸಿಕೊಂಡೆ. ಕಿವಿಗೆ ಹಾಕಿಕೊಂಡರೆ ಮಂದ್ರವೇ ಇಲ್ಲ! ನಕ್ಷೆಯಲ್ಲಿ ಇದ್ದ ಬೇಸ್ ನನ್ನ ಕಿವಿಯವರೆಗೆ ಬರಲೇ ಇಲ್ಲ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ತಟಸ್ಥ ಎಂದರೇನು ನೋಡೋಣ. ಧ್ವನಿಮುದ್ರಣದಲ್ಲಿ ಇದ್ದದ್ದನ್ನು ಕೂಡಿಸದೆ ಕಳೆಯದೆ ನಮಗೆ ಮುಟ್ಟಿಸುವುದು, ಅಷ್ಟೇ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಕೇಳುತ್ತದೆ. ಇವುಗಳಲ್ಲಿ ಯಾವುದನ್ನೂ ಎತ್ತದೆ, ಯಾವುದನ್ನೂ ಅದುಮದೆ ನುಡಿಸಿದರೆ ಅದು ತಟಸ್ಥ. ಧ್ವನಿವರ್ಧಕ ಪೆಟ್ಟಿಗೆಯಾದರೆ ಇದನ್ನು ಅಳೆಯುವುದು ಹೆಚ್ಚು ಕಷ್ಟವಲ್ಲ. ಮುಂದೆ ಮೈಕ್ ಇಟ್ಟು ಅಳೆದಾಗ ನೇರ ಗೆರೆ ಬಂದರೆ ಒಳ್ಳೆಯ ಲಕ್ಷಣ.

ಹೆಡ್‌ಫೋನಿನಲ್ಲಿ ಹಾಗಲ್ಲ. ಪೆನ್ನಿನ ಮುಚ್ಚಳದ ಬಾಯಿಗೆ ತುಟಿ ಇಟ್ಟು ಊದಿದ್ದೀರಲ್ಲ? ಸಿಳ್ಳೆಯಂಥ ಒಂದು ಸ್ವರ ಹೊರಡುತ್ತದೆ. ನಮ್ಮ ಕಿವಿಯ ಕಾಲುವೆಯೂ ಅಂಥದೇ ಕೊಳವೆ. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಒಂದು ತುದಿ ತೆರೆದದ್ದು, ಇನ್ನೊಂದು ತುದಿಗೆ ತಮಟೆ. ಅದು ಹಾಗೂ ಹೊರಗಿನ ಹಾಲೆ ಸೇರಿ, 3,000 ಹರ್ಟ್ಸ್ ಆಸುಪಾಸಿನ ದನಿಯನ್ನು ಸುಮಾರು 15 ಡೆಸಿಬೆಲ್‌ನಷ್ಟು ಎತ್ತಿ ಕೊಡುತ್ತವೆ. ಎದುರಿಗೆ ಕುಳಿತವರು ಮಾತಾಡಿದರೂ, ದೇವಸ್ಥಾನದ ಗಂಟೆ ಬಾರಿಸಿದರೂ ಈ ಎತ್ತರ ಸೇರಿಯೇ ತಮಟೆಗೆ ಮುಟ್ಟುತ್ತದೆ. ಹುಟ್ಟಿದಂದಿನಿಂದ ಹೀಗೇ ಕೇಳಿದ್ದರಿಂದ ನಮಗೆ ಅದು ಎತ್ತರ ಎಂದು ಅನಿಸುವುದೇ ಇಲ್ಲ. ಹಾಗಾಗಿ ತಮಟೆಯ ಬಳಿ ಅಳೆದಾಗ ನೇರ ಗೆರೆ ಕೊಡುವ ಹೆಡ್‌ಫೋನನ್ನು ಯಾರಾದರೂ ಮಾಡಿದರೆ, ಅದು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ನಕ್ಷೆಯಲ್ಲಿ 3,000ದ ಹತ್ತಿರ ಗುಡ್ಡ ಕಂಡು, ಇದೇನಪ್ಪ ಇಷ್ಟು ಕೆಟ್ಟದ್ದು, ಎಂದು ನಾನು ಮೊದಮೊದಲು ಗಾಬರಿಯಾಗಿದ್ದೆ. ಗುಡ್ಡ ಅಲ್ಲಿ ಇರಲೇಬೇಕು.

ಆದರೆ ಎಷ್ಟು ಎತ್ತರದ ಗುಡ್ಡ? ಜಗಳ ಶುರುವಾಗುವುದೇ ಇಲ್ಲಿ. ಅಳೆಯಲು ಬಳಸುವುದು ರಬ್ಬರಿನ ಕಿವಿಗಳುಳ್ಳ ಒಂದು ಕೃತಕ ತಲೆ. ಕೀಮಾರ್ ಎಂಬ ಪ್ರಸಿದ್ಧ ಬೊಂಬೆ ಬಂದದ್ದು 1972ರಲ್ಲಿ, ವಯಸ್ಕರ ಸರಾಸರಿ ಅಳತೆಗೆ ತಕ್ಕ ಹಾಗೆ. ಬೊಂಬೆಯ ಕಿವಿಯೊಳಗಿನ ಮೈಕಿಗೆ ಬಂದ ದನಿಯನ್ನು ಯಾವುದಕ್ಕೆ ಹೋಲಿಸಬೇಕು ಎಂಬುದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಬಂದಿವೆ. ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ಎದುರಿನಿಂದ ಬರುವ ದನಿಗೆ ಹೋಲಿಸಿ ಎಂದರು ಕೆಲವರು. ಎಲ್ಲ ದಿಕ್ಕಿನಿಂದ ಸಮನಾಗಿ ಬರುವ ದನಿಗೆ ಹೋಲಿಸಿ ಎಂದು 1986ರಲ್ಲಿ ಜರ್ಮನಿಯ ಗುಂಟರ್ ಥೈಲೆ ವಾದಿಸಿದರು. ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2013ರ ಹೊತ್ತಿಗೆ ಮೂರನೆಯ ದಾರಿ ಹಿಡಿದರು. ಒಂದು ಸಾಧಾರಣ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕ ನುಡಿದರೆ ಕಿವಿಗೆ ಏನು ಮುಟ್ಟುತ್ತದೋ ಅದನ್ನೇ ಹೆಡ್‌ಫೋನೂ ಕೊಡಲಿ, ಜನ ಯಾವುದನ್ನು ಒಪ್ಪುತ್ತಾರೆ ಎಂದು ಅವರನ್ನೇ ಕೂರಿಸಿ ಕೇಳೋಣ, ಎಂದರು. ಒಂದೇ ಹೆಡ್‌ಫೋನಿನಲ್ಲಿ ಬೇರೆ ಬೇರೆ ಹೆಡ್‌ಫೋನುಗಳ ದನಿಯನ್ನು ಅನುಕರಿಸಿ ಕೇಳಿಸಿದ್ದರಿಂದ, ಯಾವುದು ಯಾವ ಕಂಪನಿಯದು ಎಂದು ಕೇಳುವವರಿಗೆ ತಿಳಿಯುವಂತಿರಲಿಲ್ಲ. ಇವತ್ತು ಹೆಚ್ಚಿನ ನಕ್ಷೆಗಳಲ್ಲಿ ನೀವು ಕಾಣುವ ಆದರ್ಶ ಗೆರೆ ಇಲ್ಲಿಂದ ಬಂದದ್ದು.

ಗಮನಿಸಿ, ಯಂತ್ರದ ಗೆರೆ ಎಂದು ನಾವು ಹೇಳುವುದರ ಬುಡದಲ್ಲಿ ಕುಳಿತಿರುವುದು ಮನುಷ್ಯರ ಕಿವಿಯೇ. ಅದೂ ಸರಾಸರಿ ಕಿವಿ. ಅದೇ ತಂಡ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ ಆ ಗೆರೆಯನ್ನು ಮೆಚ್ಚಿದವರು ನೂರಕ್ಕೆ 64 ಮಂದಿ. 15 ಮಂದಿಗೆ ಇನ್ನೂ ಹೆಚ್ಚು ಬೇಸ್ ಬೇಕಿತ್ತು, 21 ಮಂದಿಗೆ ಕಡಿಮೆ ಸಾಕಿತ್ತು. ಕಡಿಮೆ ಸಾಕು ಎಂದವರಲ್ಲಿ ಮಹಿಳೆಯರೂ ಐವತ್ತು ದಾಟಿದವರೂ ಹೆಚ್ಚಾಗಿದ್ದರು.

ಹಾಗಾದರೆ ಗೆರೆ ಬಿಟ್ಟು ನಮ್ಮ ಕಿವಿಯನ್ನೇ ನಂಬೋಣವೇ? ನನ್ನ ಮೊದಲ ಹೆಡ್‌ಫೋನಿನ ಕಥೆ ನೆನಪಿಸಿಕೊಳ್ಳಿ. ಅಂಗಡಿಯಲ್ಲಿ ಎರಡನೆಯದು ಒಂದು ಚೂರು ಜೋರಾಗಿ ನುಡಿಯುತ್ತಿತ್ತು, ಅಷ್ಟೇ. ಯಾರೂ ಬೇಕೆಂದು ಮಾಡಿದ್ದಲ್ಲ, ಫೋನಿನ ವಾಲ್ಯೂಮ್ ಒಂದೇ ಇದ್ದರೂ ಎಲ್ಲ ಹೆಡ್‌ಫೋನೂ ಒಂದೇ ಜೋರಿನಲ್ಲಿ ನುಡಿಯುವುದಿಲ್ಲ. ಒಂದು ಡೆಸಿಬೆಲ್ ಹೆಚ್ಚಾದರೂ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಸ್ಪಷ್ಟ ಎನ್ನುತ್ತದೆ, ತುಂಬಿದ ದನಿ ಎನ್ನುತ್ತದೆ. ಇದಕ್ಕೆ ಹಳೆಯ ಕಾರಣವೂ ಇದೆ: ಮೆಲ್ಲಗೆ ಕೇಳುವಾಗ ಮಂದ್ರದ ದನಿ ಕಿವಿಗೆ ಹೆಚ್ಚು ಕ್ಷೀಣವಾಗುತ್ತದೆ, ಜೋರಾದಂತೆ ಅದು ಎದ್ದು ಬರುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು.

ಕಣ್ಣು ಕೂಡ ಕಿವಿಯ ಕೆಲಸಕ್ಕೆ ಕೈಹಾಕುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪರೀಕ್ಷೆ ಪ್ರಕಟಿಸಿದರು. ಒಂದಿಷ್ಟು ಧ್ವನಿವರ್ಧಕಗಳನ್ನು ಪರದೆಯ ಹಿಂದಿಟ್ಟು ಕೇಳಿಸಿ ಅಂಕ ಪಡೆದರು, ಪರದೆ ಸರಿಸಿ ಮತ್ತೆ ಅಂಕ ಪಡೆದರು. ದೊಡ್ಡ ಅಂದದ ಪೆಟ್ಟಿಗೆಗಳು ಕಣ್ಣಿಗೆ ಬಿದ್ದೊಡನೆ ಮೇಲೇರಿದವು, ಚಿಕ್ಕ ಅಗ್ಗದ್ದು ಕೆಳಗಿಳಿಯಿತು. ಕೇಳಿದವರಲ್ಲಿ ಅನುಭವಸ್ಥರೂ ಇದ್ದರು. ಬೆಲೆಯ ಚೀಟಿಯ ಮಾತೂ ಹೀಗೇ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬವರು 283 ಹೆಡ್‌ಫೋನುಗಳ ಅಳತೆಯನ್ನು ಬೆಲೆಯೊಡನೆ ಹೋಲಿಸಿದಾಗ, ಗೆರೆಗೂ ಬೆಲೆಗೂ ಏನೇನೂ ಸಂಬಂಧ ಸಿಗಲಿಲ್ಲ. ಇದನ್ನು ನಾನು ಕೊಳ್ಳುವ ಮೊದಲೇ ಓದಿದ್ದರೆ ಚೆನ್ನಾಗಿತ್ತು.

ಮತ್ತೊಂದು ತೊಡಕು, ಯಾವುದನ್ನು ಕೇಳಿ ತೀರ್ಪು ಕೊಡುವುದು? ಗಂಗೂಬಾಯಿ ಹಾನಗಲ್ಲರ ದನಿ ಹೇಗಿತ್ತೆಂದು ನನಗೆ ಗೊತ್ತು ಎನ್ನುತ್ತೇವೆ. ನಮಗೆ ಗೊತ್ತಿರುವುದು ಧ್ವನಿಮುದ್ರಣ. ಅದನ್ನು ಮಾಡಿದ ತಂತ್ರಜ್ಞರು ತಮ್ಮ ಸ್ಟುಡಿಯೋದ ಪೆಟ್ಟಿಗೆಯಲ್ಲಿ ಕೇಳಿ, ತಮಗೆ ಸರಿ ಕಂಡಂತೆ ಹದ ಮಾಡಿರುತ್ತಾರೆ. ಅವರ ಪೆಟ್ಟಿಗೆಯೇ ಮಂದವಾಗಿದ್ದರೆ ಮುದ್ರಣ ಚುರುಕಾಗಿರುತ್ತದೆ. ಆ ಮುದ್ರಣದಿಂದ ನಾವು ಹೆಡ್‌ಫೋನನ್ನು ಅಳೆಯುತ್ತೇವೆ! ಟೂಲ್ ಇದನ್ನು ಗೊಂದಲದ ವರ್ತುಲ ಎಂದು ಕರೆದರು. ಹಾಗಾಗಿ ಒಂದೇ ಹಾಡು ಕೇಳಿ ಯಾವ ಹೆಡ್‌ಫೋನನ್ನೂ ತೆಗಳಬೇಡಿ, ಹೊಗಳಲೂಬೇಡಿ. ಬೇರೆ ಬೇರೆ ಕಡೆ ಮುದ್ರಿಸಿದ ಹತ್ತಾರನ್ನು ಕೇಳಿ. ಎಲ್ಲದರಲ್ಲೂ ಒಂದೇ ದೋಷ ಕಂಡರೆ ಅದು ಹೆಡ್‌ಫೋನಿನದು.

ಹಾಡಿಗಿಂತ ಮಾತು ಒಳ್ಳೆಯ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಕೇಳುವುದು ಅದನ್ನೇ ಅಲ್ಲವೇ? ಶಕಾರದ ಬಲ ಹೆಚ್ಚಾಗಿ ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ನಲ್ಲಿ ಶುರುವಾಗುತ್ತದೆ, ಸಕಾರದ್ದು ಅದಕ್ಕೂ ಮೇಲೆ, ಐದಾರು ಸಾವಿರದಾಚೆ. ಹಳೆಯ ಲ್ಯಾಂಡ್‌ಲೈನ್ ಫೋನು 3,400ಕ್ಕೆ ಕತ್ತರಿಸುತ್ತಿದ್ದುದರಿಂದಲೇ ಅದರಲ್ಲಿ ಸಕಾರ ಯಾವುದು, ಫಕಾರ ಯಾವುದು ಎಂದು ತಿಳಿಯದೆ ಹೆಸರನ್ನು ಎರಡೆರಡು ಸಲ ಹೇಳಬೇಕಾಗುತ್ತಿತ್ತು. "ಶೇಷಾದ್ರಿಯ ಸೊಸೆ ಸಂಜೆ ಶಾಲೆಯಿಂದ ಸಂತೆಗೆ ಹೋದಳು" ಎಂಬಂಥ ಸಾಲನ್ನು ಮನೆಯವರಿಂದ ಎದುರಿಗೆ ಓದಿಸಿ ಕೇಳಿ. ಆಮೇಲೆ ಹೆಡ್‌ಫೋನಿನಲ್ಲಿ ವಾರ್ತೆ ಕೇಳಿ. ಸ ಮತ್ತು ಶ ಬೇರೆ ಬೇರೆಯಾಗಿ, ಆದರೆ ಯಾವುದೂ ಮಿಕ್ಕ ಅಕ್ಷರಗಳಿಂದ ಹಾರಿ ಬರದೆ ಕೇಳಬೇಕು. ನನ್ನ ಮೊದಲ ಹೆಡ್‌ಫೋನಿನ ನಕ್ಷೆಯನ್ನು ಕೊಂಡ ಮೇಲೆ ಹುಡುಕಿ ನೋಡಿದೆ. 7,000 ಹರ್ಟ್ಸ್ ಬಳಿ ಮೊನಚಾದ ಒಂದು ಶಿಖರ. ಕಿವಿ ಮೂರು ವಾರಕ್ಕೆ ಹೇಳಿದ್ದನ್ನು ಗೆರೆ ಮೂರು ನಿಮಿಷದಲ್ಲಿ ಹೇಳುತ್ತಿತ್ತು.

ಈಗ ಎರಡನೆಯದರ ಕಥೆ. ಬೊಂಬೆ ಕನ್ನಡಕ ಹಾಕುವುದಿಲ್ಲ, ನಾನು ಹಾಕುತ್ತೇನೆ. ಕನ್ನಡಕದ ದಪ್ಪ ಕಡ್ಡಿ ಹೆಡ್‌ಫೋನಿನ ದಿಂಬನ್ನು ಎತ್ತಿ ಹಿಡಿದು ಸಂದು ಮಾಡಿತ್ತು. ಕಿವಿಯನ್ನು ಸುತ್ತಲೂ ಮುಚ್ಚುವ ಮಾದರಿಯಲ್ಲಿ ಮಂದ್ರ ನಿಲ್ಲುವುದು ಗಾಳಿ ಸೋರದಿದ್ದರೆ ಮಾತ್ರ. ಇದನ್ನು ನೀವೂ ಪರೀಕ್ಷಿಸಬಹುದು. ಹೆಡ್‌ಫೋನ್ ಹಾಕಿಕೊಂಡು ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ಥಟ್ಟನೆ ಹೆಚ್ಚಾದರೆ ಸೋರುತ್ತಿದೆ ಎಂದರ್ಥ. ಕಿವಿಯೊಳಗೆ ತೂರಿಸುವ ಮಾದರಿಯಾದರೆ ರಬ್ಬರಿನ ತುದಿಯ ಅಳತೆ ಬದಲಿಸಿ ನೋಡಿ. ಇದೇ ರೀತಿ 10,000 ಹರ್ಟ್ಸ್‌ಗಿಂತ ಮೇಲಿನ ಗೆರೆಯನ್ನೂ ಅಷ್ಟಾಗಿ ನೆಚ್ಚಬಾರದು. ಅಲ್ಲಿ ಹಾಲೆಯ ಒಂದೊಂದು ಮಡಿಕೆಯೂ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಮಡಿಕೆ ಬೊಂಬೆಯದಲ್ಲ.

ಹಿರಿಯ ಕೇಳುಗರು ಕೇಳಬಹುದು: ವಯಸ್ಸಾಗಿ ತಾರದ ದನಿ ಕೇಳದಾಗಿದೆ, ನಮಗೆ ತಟಸ್ಥ ಎಂದರೆ ಬೇರೆಯೇ ಅಲ್ಲವೇ? ಅಲ್ಲ ಎನಿಸುತ್ತದೆ ನನಗೆ. ಮೊಮ್ಮಗಳು ಎದುರಿಗೆ ನಿಂತು ಮಾತಾಡಿದಾಗಲೂ ನೀವು ಅದೇ ಕಿವಿಯಿಂದ ಕೇಳುತ್ತೀರಿ. ಹೆಡ್‌ಫೋನಿನಲ್ಲಿ ಹಾಗೆಯೇ ಕೇಳಿದರೆ ಅದು ತಟಸ್ಥವೇ. ತಾರವನ್ನು ಸ್ವಲ್ಪ ಎತ್ತಿಕೊಂಡರೆ ಮಾತು ಬಿಡಿಸಿ ಕೇಳುತ್ತದೆ ಎಂದಾದರೆ ಖಂಡಿತ ಎತ್ತಿಕೊಳ್ಳಿ, ಅದು ಅನುಕೂಲ. ಇಷ್ಟ, ಅನುಕೂಲ, ತಟಸ್ಥ ಈ ಮೂರನ್ನು ಒಂದೇ ಎಂದು ಎಣಿಸುವುದರಿಂದಲೇ ಅರ್ಧ ಜಗಳ.

ರೈಲಿನವರಿಗೆ ಒಂದು ಮಾತು. ರೈಲಿನ ಗದ್ದಲ ಹೆಚ್ಚಾಗಿ ಮಂದ್ರದ್ದು, ಹೆಡ್‌ಫೋನಿನ ಮಂದ್ರವನ್ನು ಅದು ನುಂಗುತ್ತದೆ. ಅಲ್ಲಿ ಸರಿಯಾಗಿ ಕೇಳುವಂಥದ್ದು ಮನೆಯಲ್ಲಿ ಗುಂಯ್‌ಗುಡುತ್ತದೆ. ಅದಕ್ಕೆ ತೀರ್ಪನ್ನು ಮನೆಯಲ್ಲೇ ಕೊಡಿ. ಗದ್ದಲ ಮೀರಿಸಲು ವಾಲ್ಯೂಮ್ ಏರಿಸುತ್ತ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಯಸ್ಕರಿಗೆ ಇಟ್ಟ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ದನಿ ಜೋರಾದಷ್ಟೂ ಗಂಟೆಗಳು ಬೇಗ ಕರಗುತ್ತವೆ.

ಈಗ ನಾನು ಕೊಳ್ಳುವ ಕ್ರಮ ಹೀಗಿದೆ. ಮೊದಲು ನಕ್ಷೆ ನೋಡಿ, ಮೊನಚು ಶಿಖರ, ಆಳವಾದ ಹಳ್ಳ ಇರುವುದನ್ನೆಲ್ಲ ಪಟ್ಟಿಯಿಂದ ತೆಗೆಯುತ್ತೇನೆ. ಉಳಿದ ಎರಡೋ ಮೂರನ್ನು ಕನ್ನಡಕ ಹಾಕಿಕೊಂಡೇ ಕೇಳುತ್ತೇನೆ. ಒಂದೇ ಮಾತಿನ ದನಿ ಎಲ್ಲದರಲ್ಲೂ ಒಂದೇ ಜೋರಿನಲ್ಲಿ ಬರುವಂತೆ ವಾಲ್ಯೂಮ್ ಸರಿಮಾಡಿಕೊಳ್ಳುತ್ತೇನೆ. ಬೆಲೆ ಕೊನೆಗೆ ಕೇಳುತ್ತೇನೆ. ಅಂಗಡಿಯವರಿಗೆ ಕೊಂಚ ಬೇಸರವಾಗುತ್ತದೆ, ಆಗಲಿ.

ಎರಡನೆಯ ಹೆಡ್‌ಫೋನ್ ಕನ್ನಡಕಕ್ಕೆ ತೆಳು ಕಡ್ಡಿ ಹಾಕಿಸಿದ ಮೇಲೆ ಸರಿಹೋಯಿತು. ಈ ಭಾಷಣ ಬರೆಯುವಾಗಲೂ ಅದೇ ತಲೆಯ ಮೇಲಿತ್ತು. ಮೊದಲನೆಯದು ಮಗನ ಪಾಲಿಗೆ ಹೋಯಿತು. ಅವನ ಫೋನಿನ ಈಕ್ವಲೈಸರಿನಲ್ಲಿ 7,000ದ ಶಿಖರವನ್ನು ನಾಲ್ಕು ಡೆಸಿಬೆಲ್ ಇಳಿಸಿ, ಅವನ ಕಣ್ಣು ಮುಚ್ಚಿಸಿ, ತಿದ್ದಿದ್ದನ್ನೂ ತಿದ್ದದ್ದನ್ನೂ ಹತ್ತು ಸಲ ಅದಲು ಬದಲು ಮಾಡಿ ಕೇಳಿಸಿದೆ. ಎಂಟು ಸಲ ತಿದ್ದಿದ್ದೇ ಚೆನ್ನ ಎಂದ. ಮರುದಿನ ನೋಡಿದರೆ ಈಕ್ವಲೈಸರ್ ಆಫ್ ಆಗಿತ್ತು. ಯಾಕೋ ಎಂದು ಕೇಳಿದರೆ, ಹಳೆಯದೇ ರೂಢಿಯಾಗಿದೆ ಅಪ್ಪ, ಅಂದ.